ಅಕ್ಕನ ಮಗನ ತೋಳಿಗೆ ಕಪ್ಪು ಪಟ್ಟಿ, ಗ್ಯಾಲರಿಯಿಂದ ಕೂಗಿದ್ದು ನಾನೇ

ರೋಬಸ್ಟಾ ಮಾವ, ಸಿದ್ದಾಪುರ ಕಡೆ

ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಮನೆಯವಳಿಗೆ ಹೇಳಿದರೆ "ಕೂಗಿದ್ದು ನೀವಲ್ವಾ, ನೀವೇ ಅನುಭವಿಸಿ" ಅಂದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಭಾನುವಾರ ನಮ್ಮ ಕಡೆ ಒಂದು ಸಣ್ಣ ಹಾಕಿ ಟೂರ್ನಿ ಇತ್ತು. ಊರಿನ ಹೆಸರು ಬೇಡ, ಗೊತ್ತಿರುವವರಿಗೆ ಹೇಗೂ ಗೊತ್ತಾಗುತ್ತದೆ. ಕಾಫಿ ಕೊಯ್ಲು ಮುಗಿದು, ಹೂ ಮಳೆಯೂ ಬಿದ್ದು, ಎಲ್ಲರ ಕೈಗೂ ಒಂದಿಷ್ಟು ಬಿಡುವು ಸಿಗುವ ಸಮಯ. ಅಕ್ಕನ ಮಗ ಬೆಂಗಳೂರಿನಿಂದ ಆಡಲು ಬಂದಿದ್ದ. ಅಲ್ಲಿ ಒಂದು ಸಂಸ್ಥೆಯ ಟೀಮಿಗೆ ಗುತ್ತಿಗೆ ಮೇಲೆ ಆಡುತ್ತಾನೆ. ಈ ವರ್ಷ ಕೆಲಸ ಖಾಯಂ ಆಗಬಹುದು ಅಂತ ಕಾಯುತ್ತಿದ್ದಾನೆ. ಸೆಂಟರ್ ಹಾಫ್. ನನಗಿಂತ ಚೆನ್ನಾಗಿ ಆಡುತ್ತಾನೆ, ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಬೇಕಾಯಿತು.

ಹುಡುಗರು ಮೈದಾನಕ್ಕೆ ಇಳಿದಾಗ ಹನ್ನೊಂದು ಜನರ ತೋಳಲ್ಲೂ ಕಪ್ಪು ಪಟ್ಟಿ. ಎರಡು ವಾರದ ಹಿಂದೆ ಪಕ್ಕದ ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬರು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಆನೆ ತುಳಿದು ತೀರಿಕೊಂಡಿದ್ದರು. ಅವರಿಗಾಗಿ ಈ ಪಟ್ಟಿ. ಅಷ್ಟೇ ಆಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇಬ್ಬರು ಹುಡುಗರು ರಟ್ಟಿನ ತುಂಡು ಹಿಡಿದು ನಿಂತರು. "ಕಂಬಿ ಬೇಲಿ ಯಾವಾಗ?" ಅಂತ ಬರೆದಿತ್ತು. ರೈಲ್ವೆ ಕಂಬಿ ಬೇಲಿ. ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸೋಲಾರ್ ತಂತಿಯ ಮೇಲೆ ಮರ ಕೆಡವಿ, ಕಂದಕದ ಮಣ್ಣು ಜರಿಸಿ ದಾಟಿ ಬರುವ ಆನೆಗೆ ಕಂಬಿ ಒಂದೇ ಅಷ್ಟಿಷ್ಟು ತಡೆ.

ಗ್ಯಾಲರಿಯಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು. ಅರ್ಧ ಜನ ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡವರೊಬ್ಬರು ಎದ್ದು ಜೀಪಿನ ಕಡೆ ನಡೆದರು. ಮೈಕಿನಲ್ಲಿ "ಆಟಗಾರರು ದಯವಿಟ್ಟು ಸಹಕರಿಸಿ" ಅಂತ ಶುರುವಾಯಿತು. ಆಗ ನಾನು ಎದ್ದು ನಿಂತು ಕೂಗಿದೆ. "ಪಟ್ಟಿ ಬಿಚ್ಚಿ ಆಟ ಆಡ್ರೋ! ಇದೇನು ಗ್ರಾಮಸಭೆನಾ?"

ಸುತ್ತ ಕೂತವರು ಗೊಳ್ಳಂತ ನಕ್ಕರು. ಅಕ್ಕನ ಮಗ ತಲೆ ಎತ್ತಿ ಸೀದಾ ನನ್ನ ಕಡೆ ನೋಡಿದ. ನನ್ನ ದನಿ ಅವನಿಗೆ ಗೊತ್ತಾಗದೆ ಇರುತ್ತದಾ? ಐದನೇ ವಯಸ್ಸಿನಿಂದ "ಬಾಲ್ ನೋಡೋ, ನನ್ನ ಮುಖ ನೋಡಬೇಡ" ಅಂತ ಕೂಗಿದ ದನಿ ಅದೇ.

ಪಟ್ಟಿ ಬಿಚ್ಚಲಿಲ್ಲ. ಯಾವುದೋ ಹಳೇ ಕೊಡೆಯ ಬಟ್ಟೆ ಕತ್ತರಿಸಿ ಮಾಡಿದ್ದು. ಕೊಡೆ ಬಟ್ಟೆ ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ಸ್ಟಿಕ್ಕಿಗೆ ಸುತ್ತುವ ಗ್ರಿಪ್ ಟೇಪ್ ಅಂಟಿಸಿಕೊಂಡಿದ್ದರು. ಬೆವರಿಗೆ ಅದೂ ಬಿಟ್ಟಿತು. ಎರಡನೇ ಕ್ವಾರ್ಟರ್‌ನಲ್ಲಿ ಇವನ ಪಟ್ಟಿ ಮಣಿಕಟ್ಟಿಗೆ ಇಳಿಯಿತು. ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಮೇಲೆ ಎಳೆಯುತ್ತಿದ್ದ. ಅಷ್ಟರಲ್ಲಿ ಬಾಲ್ ಹೋಯಿತು. ಗೋಲೂ ಆಯಿತು. ಒಂದಕ್ಕೆ ಎರಡು, ಸೋತರು.

ಈಗ ನನ್ನ ತಲೆಬಿಸಿ ಕೇಳಿ. ನಾನು "ಆಟದಲ್ಲಿ ರಾಜಕೀಯ ಬೇಡ" ಅನ್ನುವ ಪೈಕಿ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಕೂತು ಯೋಚಿಸಿದರೆ ಹಾಗಿಲ್ಲ. 2010ರಲ್ಲಿ ನಮ್ಮ ರೋಹನ್ ಬೋಪಣ್ಣ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಡಬಲ್ಸ್ ಫೈನಲ್ ಆಡಿದ್ದು ನೆನಪಿದೆಯಾ? ಇಬ್ಬರೂ ಸೇರಿ "ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ" ಅಂತ ಪ್ರಚಾರ ಮಾಡುತ್ತಿದ್ದರು. ವಾಘಾ ಗಡಿಯಲ್ಲಿ ನೆಟ್ ಕಟ್ಟಿ ಆಡುವ ಆಸೆ ಅವರದು. ಎರಡೂ ದೇಶದ ವಿಶ್ವಸಂಸ್ಥೆ ರಾಯಭಾರಿಗಳು ಒಟ್ಟಿಗೆ ಕೂತು ಆ ಫೈನಲ್ ನೋಡಿದರು. ಅಮೆರಿಕದ ಬ್ರಯಾನ್ ಅಣ್ಣತಮ್ಮಂದಿರ ಎದುರು ಎರಡು ಸೆಟ್ಟೂ ಟೈಬ್ರೇಕರ್‌ನಲ್ಲಿ ಸೋತರು. ಆ ರಾತ್ರಿ ನಾನು ಕಣ್ಣಲ್ಲಿ ನೀರು ತಂದುಕೊಂಡು ಚಪ್ಪಾಳೆ ತಟ್ಟಿದ್ದೆ.

2025ರ ಸೆಪ್ಟೆಂಬರ್‌ನಲ್ಲಿ ದುಬೈಯಲ್ಲಿ ಏಷ್ಯಾ ಕಪ್. ಸೂರ್ಯಕುಮಾರ್ ಯಾದವ್ ಮತ್ತು ಹುಡುಗರು ಪಾಕಿಸ್ತಾನದವರ ಕೈ ಕುಲುಕಲಿಲ್ಲ. ಅದಕ್ಕೂ ಅದೇ ಸೋಫಾದಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಕೈ ಹಿಡಿದರೂ ಚಪ್ಪಾಳೆ, ಕೈ ಬಿಟ್ಟರೂ ಚಪ್ಪಾಳೆ. ಮನೆ ಹುಡುಗ ತೋಳಿಗೆ ಒಂದು ಬಟ್ಟೆ ಕಟ್ಟಿದರೆ ಬೈಗುಳ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ತೀರಿಕೊಂಡ ಹೆಂಗಸು ನನ್ನ ತೋಟಕ್ಕೂ ಮೆಣಸು ಬಿಡಿಸಲು ಬಂದವರು. ಹೋದ ತಿಂಗಳು ನನ್ನದೇ ಹನ್ನೆರಡು ಬಾಳೆ, ಎರಡು ಪೈಪು ಆನೆ ತುಳಿದಿದೆ.

ನಾನು ಕೊಟ್ಟುಕೊಳ್ಳುವ ಕಾರಣ ಇದು. ವಾರವಿಡೀ ಆನೆ, ಆನೆ, ಆನೆ. ವಾಟ್ಸಾಪ್ ತೆಗೆದರೆ ಯಾವ ರಸ್ತೆಯಲ್ಲಿ ಎಷ್ಟು ಆನೆ ಅಂತ ಮೆಸೇಜು. ಭಾನುವಾರ ಎರಡು ಗಂಟೆ ಅದನ್ನು ಮರೆಯಲು ಮೈದಾನಕ್ಕೆ ಹೋದೆ. ಅಲ್ಲೂ ತಂದಿಟ್ಟರಲ್ಲ ಅಂತ ಸಿಟ್ಟು ಬಂತು. ದುಡ್ಡು ಕೊಟ್ಟೋ ಪೆಟ್ರೋಲ್ ಸುಟ್ಟೋ ಆಟ ನೋಡಲು ಬರುವವನಿಗೆ ಅಷ್ಟು ನೆಮ್ಮದಿ ಕೇಳುವ ಹಕ್ಕಿಲ್ವಾ? ನೀವೇ ಹೇಳಿ.

---

ಕುಶಾಲನಗರ ಬಸ್‌ಸ್ಟ್ಯಾಂಡ್

ಮಾವ, ಆಟದಿಂದ ರಾಜಕೀಯ ತೆಗೆದರೆ ಕೊನೆಗೆ ಉಳಿಯುವುದು ಗೋಲ್‌ಪೋಸ್ಟ್ ಮಾತ್ರ.

2018ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಚೆಪಾಕ್‌ನಲ್ಲಿ ಚೆನ್ನೈ ಮತ್ತು ಕೋಲ್ಕತ್ತ ಐಪಿಎಲ್ ಮ್ಯಾಚ್. ಕಾವೇರಿ ನಿರ್ವಹಣಾ ಮಂಡಳಿ ಬೇಕು ಅಂತ ಹೊರಗೆ ಪ್ರತಿಭಟನೆ, ಒಳಗೆ ಮೈದಾನಕ್ಕೆ ಶೂ ಬಿತ್ತು. ಚೆನ್ನೈಯ ಉಳಿದ ತವರು ಪಂದ್ಯಗಳನ್ನೆಲ್ಲ ಪುಣೆಗೆ ಕಳಿಸಿದರು. ಅವರ ಫ್ಯಾನ್‌ಗಳು ಸ್ಪೆಷಲ್ ರೈಲಿನಲ್ಲಿ ಅಲ್ಲಿಗೂ ಹೋದರು. ನಮ್ಮ ತಲಕಾವೇರಿಯಲ್ಲಿ ಒಂದು ಚೊಂಬಿನಷ್ಟು ಹುಟ್ಟುವ ನೀರು ಧೋನಿಯನ್ನು ಪುಣೆಗೆ ಓಡಿಸಿತು ಅಂದರೆ ನಿಮ್ಮ ಎರಡು ಗಂಟೆ ನೆಮ್ಮದಿ ಯಾವ ಲೆಕ್ಕ?

ಇನ್ನೊಂದು. 1980ರ ಮಾಸ್ಕೋ ಒಲಿಂಪಿಕ್ಸ್ ಹಾಕಿ ಚಿನ್ನದ ಬಗ್ಗೆ ನಾವೆಲ್ಲ ಎದೆ ಉಬ್ಬಿಸುತ್ತೇವೆ, ನಮ್ಮ ಎಂ.ಎಂ. ಸೋಮಯ್ಯ ಆ ಟೀಮಿನಲ್ಲಿದ್ದರು ಅಂತ. ಉಬ್ಬಿಸಲೇಬೇಕು. ಆದರೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕೆ ಬಹಿಷ್ಕಾರ ಇತ್ತಲ್ಲ, ಅದರಿಂದ 1976ರಲ್ಲಿ ಹಾಕಿ ಪದಕ ಗೆದ್ದ ಮೂರೂ ಟೀಮು, ಅಂದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಪಾಕಿಸ್ತಾನ, ಬರಲೇ ಇಲ್ಲ. ಇದ್ದದ್ದು ಆರೇ ಟೀಮು. ಫೈನಲ್‌ನಲ್ಲಿ ಸ್ಪೇನ್ ಮೇಲೆ 4-3. ಆಗ ಯಾರಾದರೂ "ಆಟದಲ್ಲಿ ರಾಜಕೀಯ ಬಂತು, ಪದಕ ವಾಪಸ್ ಕೊಡಿ" ಅಂದರಾ?

ಬೇಲಿ ಕೇಳಿದ್ದು ತಪ್ಪಲ್ಲ. ಕೊಡೆ ಬಟ್ಟೆ ಕಟ್ಟಿದ್ದು ತಪ್ಪು. ಹತ್ತಿ ಬಟ್ಟೆ ಕಟ್ಟಬೇಕಿತ್ತು.

---

ಮಾಜಿ ಹವಾಲ್ದಾರ್, ವಿರಾಜಪೇಟೆ

ನಾನು ನಿಮ್ಮ ಪರ, ರೋಬಸ್ಟಾ ಅವರೇ. ಪೂರ್ತಿ ಅಲ್ಲ, ಮುಕ್ಕಾಲು.

ಮೈದಾನದಲ್ಲಿ ಒಂದು ಶಿಸ್ತು ಇರಬೇಕು. ಇವತ್ತು ಆನೆ, ನಾಳೆ ರಸ್ತೆ, ನಾಡಿದ್ದು ಯಾವುದೋ ಪಕ್ಷದ ಶಾಲು. ಚುನಾವಣೆ ಹತ್ತಿರ ಬಂದಾಗ ಹುಡುಗರ ತೋಳು ಯಾರು ಯಾರು ಬಾಡಿಗೆಗೆ ಕೇಳುತ್ತಾರೆ ಅಂತ ನೋಡುತ್ತಿರಿ. ಒಮ್ಮೆ ಬಾಗಿಲು ತೆಗೆದರೆ ಹಾಕುವುದು ಕಷ್ಟ.

ಆದರೂ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. 2019ರ ಮಾರ್ಚ್‌ನಲ್ಲಿ, ಪುಲ್ವಾಮಾ ಆದ ಮೇಲೆ, ರಾಂಚಿಯಲ್ಲಿ ನಮ್ಮ ಟೀಮು ಸೇನೆಯ ಬಣ್ಣದ ಟೋಪಿ ಹಾಕಿ ಆಡಿತು. ಮ್ಯಾಚ್ ಫೀಸು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. ಐಸಿಸಿ ಅನುಮತಿ ಇತ್ತು. ನನ್ನ ರೆಜಿಮೆಂಟಿನ ಹಳೇ ಗೆಳೆಯರ ಗುಂಪಿನಲ್ಲಿ ಆ ದಿನ ಹಬ್ಬ. ಮೂರು ತಿಂಗಳು ಬಿಟ್ಟು ವಿಶ್ವಕಪ್‌ನಲ್ಲಿ ಧೋನಿ ಗ್ಲೌಸ್ ಮೇಲೆ ಸೇನೆಯ ಪ್ಯಾರಾ ಪಡೆಯ ಬಲಿದಾನ ಚಿಹ್ನೆ ಇತ್ತು. ಅದನ್ನು ತೆಗೆಯಿರಿ ಅಂತ ಐಸಿಸಿಯವರು ಅಂದರು. ನನಗೆ ಬಹಳ ಸಿಟ್ಟು ಬಂದಿತ್ತು. ಆಗ ನಾನು ಶಿಸ್ತಿನ ಮಾತು ಆಡಲಿಲ್ಲ.

ಅಮೆರಿಕದ ಕಾಲಿನ್ ಕೇಪರ್ನಿಕ್ ಅಂತ ಒಬ್ಬ ಫುಟ್‌ಬಾಲ್ ಆಟಗಾರ ಇದ್ದಾನೆ. ಅವರ ಫುಟ್‌ಬಾಲು, ಕೈಯಲ್ಲಿ ಹಿಡಿದು ಓಡುವುದು. 2016ರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲ. ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯ ಅಂತ ಅವನ ಕಾರಣ. ಮೊದಲು ನಾನು ಓದಿದ್ದು ಇಷ್ಟೇ, ಓದಿ ರೇಗಿತ್ತು. ಮಗಳು ಮುಂದಿನದನ್ನು ಹೇಳಿದಳು. ಅವನು ಮೊದಲು ಸುಮ್ನೆ ಬೆಂಚಿನ ಮೇಲೆ ಕೂರುತ್ತಿದ್ದನಂತೆ. ನೇಟ್ ಬೋಯರ್ ಅನ್ನುವ ಮಾಜಿ ಸೈನಿಕ ಅವನನ್ನು ಕಂಡು, ಕೂರಬೇಡ, ಮಂಡಿಯೂರು ಅಂದ. ಸತ್ತ ಜೊತೆಗಾರನ ಸಮಾಧಿ ಮುಂದೆ ಸೈನಿಕ ಮಂಡಿಯೂರುತ್ತಾನೆ, ಅದರಲ್ಲಿ ಗೌರವ ಇದೆ ಅಂತ. ಇವನು ಕೇಳಿದ. ಅದಾದ ಮೇಲೂ ಬೈದರು, ಜೆರ್ಸಿ ಸುಟ್ಟರು. ಆದರೆ ಒಬ್ಬ ಸೈನಿಕ ಹತ್ತಿರ ಹೋಗಿ ಮಾತಾಡಿದ, ಗ್ಯಾಲರಿಯಿಂದ ಕೂಗಲಿಲ್ಲ ಅನ್ನುವುದು ನನಗೆ ಹಿಡಿಸಿತು.

ಮುಕ್ಕಾಲು ಅಂದೆನಲ್ಲ, ಉಳಿದ ಕಾಲು ಭಾಗ ಇದು.

---

ಸೀಟಿ

ಹದಿನೈದು ವರ್ಷದಿಂದ ಈ ಜಿಲ್ಲೆಯ ಮೈದಾನಗಳಲ್ಲಿ ಅಂಪೈರಿಂಗ್ ಮಾಡುತ್ತಿದ್ದೇನೆ. ಆ ದಿನ ಅಲ್ಲಿ ಇರಲಿಲ್ಲ, ದೇವರ ದಯೆ.

ಸಾವಿಗೆ ಕಪ್ಪು ಪಟ್ಟಿ ಕಟ್ಟುವುದು ಎಲ್ಲ ಆಟದಲ್ಲೂ ಇದೆ. ಮೊದಲೇ ಹೇಳಿ ಕಟ್ಟಿದರೆ ಯಾರ ತಕರಾರೂ ಇರುವುದಿಲ್ಲ. ರಟ್ಟಿನಲ್ಲಿ ಪ್ರಶ್ನೆ ಬರೆದ ಕೂಡಲೇ ಸಂಘಟಕರಿಗೆ ಬೆವರು. ಮುಂದಿನ ಸಾಲಿನಲ್ಲಿ ಕೂತವರು ಯಾರು, ಶಾಮಿಯಾನಕ್ಕೆ ದುಡ್ಡು ಕೊಟ್ಟವರು ಯಾರು, ಟ್ರೋಫಿ ಯಾರದು, ಎಲ್ಲ ನೆನಪಾಗುತ್ತದೆ. ದೊಡ್ಡ ಮಟ್ಟದಲ್ಲೂ ಇಷ್ಟೇ. ಆಸ್ಟ್ರೇಲಿಯಾದ ಕ್ರಿಕೆಟಿಗ ಉಸ್ಮಾನ್ ಖವಾಜಾ 2023ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟಿಗೆ ಶೂ ಮೇಲೆ "ಎಲ್ಲ ಜೀವವೂ ಸಮಾನ" ಅಂತ ಬರೆದುಕೊಂಡಿದ್ದ. ಗಾಜಾ ಬಗ್ಗೆ. ಆಡಬೇಕಾದರೆ ಮುಚ್ಚು ಅಂದರು. ಮುಚ್ಚಿ, ಕಪ್ಪು ಪಟ್ಟಿ ಕಟ್ಟಿ ಆಡಿದ. ಅದಕ್ಕೂ ಛೀಮಾರಿ ಬಂತು. ಒಲಿಂಪಿಕ್ಸ್‌ನಲ್ಲಿ ಪ್ರತಿಭಟನೆ, ರಾಜಕೀಯ ಪ್ರಚಾರ ಬೇಡ ಅನ್ನುವ 50ನೇ ನಿಯಮ ಅಂತ ಇದೆ, ಟೋಕಿಯೊಗೆ ಮೊದಲು ಸ್ವಲ್ಪ ಸಡಿಲ ಮಾಡಿದರು. ಆಟ ಶುರುವಾಗುವ ಮೊದಲು ಮೈದಾನದಲ್ಲಿ ತೋರಿಸಬಹುದು, ಪದಕದ ವೇದಿಕೆ ಮೇಲೆ ಬೇಡ. ಯಾವುದು ರಾಜಕೀಯ, ಯಾವುದು ದೇಶಪ್ರೇಮ, ಯಾವುದು ಮಾನವೀಯತೆ ಅಂತ ತೂಗುವ ತಕ್ಕಡಿ ಯಾವಾಗಲೂ ಆಫೀಸಿನಲ್ಲಿ ಕೂತವನ ಕೈಯಲ್ಲೇ ಇರುತ್ತದೆ.

ನಾನಾಗಿದ್ದರೆ ಎರಡನೇ ಕ್ವಾರ್ಟರ್‌ನಲ್ಲಿ ಹುಡುಗನ ಪಟ್ಟಿ ಬಿಚ್ಚಿಸುತ್ತಿದ್ದೆ. ಬರಹಕ್ಕಲ್ಲ. ಜೋತಾಡುವ ಬಟ್ಟೆ ಸ್ಟಿಕ್ಕಿಗೆ ಸಿಕ್ಕಿಕೊಂಡರೆ ಬೆರಳು ಹೋಗುತ್ತದೆ.

---

ರೋಬಸ್ಟಾ ಮಾವ, ಸಿದ್ದಾಪುರ ಕಡೆ

ಬಸ್‌ಸ್ಟ್ಯಾಂಡ್, ನೀವು ಯಾರು ಅಂತ ನನಗೆ ಗೊತ್ತು, ಸಿಕ್ಕಾಗ ಮಾತಾಡೋಣ. ಹವಾಲ್ದಾರರೇ, ಹತ್ತಿರ ಹೋಗಿ ಮಾತಾಡಿದ ಅನ್ನುವುದನ್ನು ಎರಡು ಸಲ ಓದಿದೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ನೋಡುವವನ ನೆಮ್ಮದಿ?

---

ಚಾಕ್‌ಪೀಸ್, ಸೋಮವಾರಪೇಟೆ

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ನೆಮ್ಮದಿ ಅನ್ನುವುದು ನೆಪ ಅನ್ನಿಸುತ್ತಿದೆ.

ನೀವೇ ಬರೆದಿದ್ದೀರಿ, ಹುಡುಗನ ಕೆಲಸ ಖಾಯಂ ಆಗಿಲ್ಲ ಅಂತ. ಜೀಪಿನ ಕಡೆ ನಡೆದ ದೊಡ್ಡವರನ್ನೂ ಬರೆದಿದ್ದೀರಿ. ಆಮೇಲೆ ಕಾರಣ ಹೇಳುವಾಗ ಎರಡನ್ನೂ ಬಿಟ್ಟಿರಿ. ನಿಮಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ. ವಿಡಿಯೋ ಬೆಂಗಳೂರಿಗೆ ಹೋದರೆ, ಅಲ್ಲಿ ಯಾರಾದರೂ ನೋಡಿದರೆ, ಅಂತ. ಹೆದರಿದವರು ಕೂಗುತ್ತಾರೆ. ತರಗತಿಯಲ್ಲಿ ನಾನೂ ಹಾಗೇ.

ಹೆದರಿಕೆಗೆ ಕಾರಣ ಇಲ್ಲ ಅಂತ ಹೇಳುತ್ತಿಲ್ಲ. ಕೇಪರ್ನಿಕ್‌ಗೆ ಆ ಸೀಸನ್ ಆದ ಮೇಲೆ ಒಂದು ಟೀಮೂ ಕೆಲಸ ಕೊಡಲಿಲ್ಲ. 2023ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಜಂತರ್ ಮಂತರ್‌ನಲ್ಲಿ ಕೂತ ಕುಸ್ತಿಪಟುಗಳನ್ನು ಪೊಲೀಸರು ಎಳೆದುಕೊಂಡು ಹೋಗಿದ್ದನ್ನು ನೋಡಿದ್ದೇವೆ. ಸಾಕ್ಷಿ ಮಲಿಕ್ ಅದೇ ವರ್ಷ ಡಿಸೆಂಬರ್‌ನಲ್ಲಿ ಶೂ ಮೇಜಿನ ಮೇಲಿಟ್ಟು ಆಟ ಬಿಟ್ಟರು. ಒಲಿಂಪಿಕ್ ಪದಕ ಗೆದ್ದವರ ಗತಿಯೇ ಹೀಗಾದರೆ ಗುತ್ತಿಗೆ ಮೇಲಿರುವ ಹುಡುಗನದು ಏನು? ಫ್ಯಾನ್‌ಗೆ ಹೋಗುವುದು ಎರಡು ಗಂಟೆ. ಅವರಿಗೆ ಹೋಗುವುದು ಸಂಬಳ. ಈ ಲೆಕ್ಕ ಗೊತ್ತಿದ್ದೂ ಅವನು ಕಟ್ಟಿದ ಅಲ್ವಾ?

ನಿಮ್ಮ ಕೊಡೆ ಬಟ್ಟೆ ಓದಿದಾಗ ನನಗೆ 1968ರ ಮೆಕ್ಸಿಕೊ ನೆನಪಾಯಿತು. 200 ಮೀಟರ್ ಓಟದ ವೇದಿಕೆ. ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ತಮ್ಮ ಜನರ ಹಕ್ಕಿಗಾಗಿ ಕಪ್ಪು ಗ್ಲೌಸ್ ಹಾಕಿ ಮುಷ್ಟಿ ಎತ್ತಿದ ಫೋಟೋ ಎಲ್ಲರೂ ನೋಡಿರುತ್ತೀರಿ. ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ಯಾಕೆ ಗೊತ್ತಾ? ಕಾರ್ಲೋಸ್ ತನ್ನ ಗ್ಲೌಸ್ ಮರೆತು ಬಂದಿದ್ದ. ಇದ್ದ ಒಂದೇ ಜೊತೆಯನ್ನು ಹಂಚಿಕೊಂಡರು. ಚರಿತ್ರೆಯ ಫೋಟೋ ನಾವು ಅಂದುಕೊಂಡಷ್ಟು ತಯಾರಿಯಿಂದ ಬರುವುದಿಲ್ಲ. ಸ್ಟೇಡಿಯಂನಲ್ಲಿ ಜನ ಕೂಗಿ ಹೀಯಾಳಿಸಿದರು. ಇಬ್ಬರನ್ನೂ ಮನೆಗೆ ಕಳಿಸಿದರು.

ಎರಡನೇ ಸ್ಥಾನದಲ್ಲಿ ನಿಂತ ಬಿಳಿಯ, ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಮುಷ್ಟಿ ಎತ್ತಲಿಲ್ಲ. ಆ ಇಬ್ಬರು ಹಾಕಿದ್ದ ಮಾನವ ಹಕ್ಕಿನ ಬ್ಯಾಡ್ಜ್‌ನಂಥದೇ ಒಂದನ್ನು ಎದೆಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತ. ಅಷ್ಟೇ. ಊರಿಗೆ ಹೋದ ಮೇಲೆ ಅವನೂ ಸಾಕಷ್ಟು ಅನುಭವಿಸಿದ. 1972ರ ಒಲಿಂಪಿಕ್ಸ್‌ಗೆ ಅವನನ್ನು ಕಳಿಸಲಿಲ್ಲ. 2006ರಲ್ಲಿ ಅವನು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್, ಕಾರ್ಲೋಸ್ ಇಬ್ಬರೂ ಇದ್ದರು. ಮಕ್ಕಳಿಗೆ ಈ ಕಥೆ ಹೇಳುವಾಗ ನಾನು ಯಾವಾಗಲೂ ನಾರ್ಮನ್‌ನಿಂದಲೇ ಶುರು ಮಾಡುತ್ತೇನೆ. ಮುಷ್ಟಿ ಎತ್ತುವುದು ಎಲ್ಲರಿಗೂ ಆಗುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಆಗುತ್ತದೆ.

ಹುಡುಗನಿಗೆ ಫೋನ್ ಮಾಡಿದಿರಾ?

---

ರೋಬಸ್ಟಾ ಮಾವ, ಸಿದ್ದಾಪುರ ಕಡೆ

ಟೀಚರಮ್ಮ, ನಿಮ್ಮದು ಓದಿ ಉತ್ತರ ಬರೆಯಲು ಹೊರಟು ಎರಡು ಸಲ ಅಳಿಸಿದೆ. ಆಮೇಲೆ ಜೀಪ್ ತೆಗೆದು ಅಕ್ಕನ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಲು ಮುಖ ಇರಲಿಲ್ಲ, ಒಂದು ಕೆಜಿ ಪಂದಿ ಮಾಂಸ ತಗೊಂಡೆ. ಅವನು ಸೋಮವಾರ ರಾತ್ರಿಯ ಬಸ್ಸಿಗೇ ಹೋಗಿಯಾಗಿತ್ತು. ಅಕ್ಕನ ಫೋನಿಂದ ಮಾಡಿದೆ. ನನ್ನ ನಂಬರಿಂದ ಮಾಡಿದರೆ ಎತ್ತುತ್ತಾನೋ ಇಲ್ಲವೋ ಅಂತ.

ವಿಡಿಯೋ ಬೆಂಗಳೂರಿಗೆ ಹೋಗಿದೆ. ಕೋಚ್ ನೋಡಿದ್ದಾರೆ. ಎರಡು ಸಲ ನೋಡಿ, "ಆ ಬಾಲ್ ಯಾಕೆ ಬಿಟ್ಟೆ?" ಅಂತ ಕೇಳಿದರಂತೆ. ಸದ್ಯಕ್ಕೆ ಅಷ್ಟೇ. ಖಾಯಂ ವಿಷಯ ಜೂನ್‌ನಲ್ಲಿ ಗೊತ್ತಾಗುತ್ತದೆ.

ನಾನು ಏನೋ ಹೇಳಲು ಹೊರಟೆ. ಅವನೇ ಅಂದ, "ಮಾವ, ನೀವು ಕೂಗಿದ್ದಕ್ಕೆ ಬೇಜಾರಿಲ್ಲ. ನೀವು ಕೂಗದ ಮ್ಯಾಚ್ ಯಾವುದಿದೆ? ಆದರೆ ಆಮೇಲೆ ಜನ ನಕ್ಕರಲ್ಲ, ಆಗ ನೀವೂ ನಕ್ಕಿರಿ. ಅದು ಅಲ್ಲಿಂದ ಕಂಡಿತು."

ಹೌದು. ನಕ್ಕಿದ್ದೆ. ಮೇಲೆ ಬರೆಯುವಾಗ ಅದನ್ನು ಬಿಟ್ಟಿದ್ದೆ. ಬಿಟ್ಟಿದ್ದು ನನಗೆ ಗೊತ್ತಿತ್ತು. ನಿದ್ದೆ ಬಾರದೆ ಇದ್ದದ್ದೂ ಅದಕ್ಕೇ ಇರಬೇಕು. ಟೀಚರಮ್ಮ ಹೇಳಿದಂತೆ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಆ ನಗು ಹೆದರಿಕೆಯದಲ್ಲ. ಗ್ಯಾಲರಿ ನನ್ನ ಕಡೆ ಇದೆ ಅಂತ ಖುಷಿಯಾದ ನಗು.

ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ. "ಮುಂದಿನ ಸಲ ಹತ್ತಿ ಬಟ್ಟೆ ಕಟ್ಟು, ನಾನೇ ಹೊಲಿದು ಕೊಡುತ್ತೇನೆ" ಅಂದೆ. ಅವನು ನಕ್ಕ. "ನಿಮಗೊಂದೂ ಸೇರಿಸಿ ಹೊಲಿಯಿರಿ" ಅಂದ. ಅದಕ್ಕೆ ನಾನು ಹೂಂ ಅಂದಿಲ್ಲ, ಇಲ್ಲ ಅಂತಲೂ ಹೇಳಿಲ್ಲ.

ಹೊರಡುವಾಗ ಅಕ್ಕನ ಮನೆ ಜಗಲಿಯಲ್ಲಿ ಕೊಡೆಯ ಬರೀ ಕಡ್ಡಿಗಳು ನೇತಾಡುತ್ತಿದ್ದವು. ಬಟ್ಟೆ ಪೂರ್ತಿ ಕತ್ತರಿಸಿ ತೆಗೆದಿದ್ದಾರೆ. ಹಿಡಿ ನೋಡಿದೆ. ಬೆತ್ತದ ಹಿಡಿ, ತುದಿಯಲ್ಲಿ ನಾಯಿ ಕಚ್ಚಿದ ಗುರುತು. ಅಕ್ಕ ಒಳಗಿಂದಲೇ ಹೇಳಿದಳು, "ಏನು ನೋಡ್ತೀಯ, ನಿಂದೇ ಅದು. ಹೋದ ಮಳೆಗಾಲದಲ್ಲಿ ಬಿಟ್ಟು ಹೋಗಿದ್ದೆಯಲ್ಲ."